8 ಟಿಬಿ ಹಾರ್ಡ್ ಡಿಸ್ಕ್ ಕ್ಯಾಬಿನೆಟ್ ಒಳಗೆ ಹಾಕಿದೆ, ತಿರುಗುತ್ತಲೇ ಇಲ್ಲ

ಗುಬ್ಬಿಗೂಡು · ಶನಿವಾರ ಬೆಳಗ್ಗೆ 11:20

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಕಥೆ ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ನನ್ನ ಹತ್ತಿರ 8 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ಇದೆ. ದೊಡ್ಡ ಸೈಜಿನದು, ಬೇರೆ ಅಡಾಪ್ಟರ್ ಚುಚ್ಚಬೇಕಾಗುವಂಥದ್ದು. ಅದರ ಯುಎಸ್‌ಬಿ ಕಿಂಡಿ ಸಡಿಲವಾಗಿದೆ. ವೈರು ಒಂಚೂರು ಅಲ್ಲಾಡಿದರೂ ಡಿಸ್ಕ್ ಮಾಯ. ಒಳಗಿರುವುದು ಮಾಮೂಲಿ 3.5 ಇಂಚಿನ ಸಾಟಾ ಡಿಸ್ಕೇ (ಮದರ್‌ಬೋರ್ಡ್‌ಗೆ ಸೀದಾ ವೈರು ಹಾಕುವಂಥದ್ದು) ಅಲ್ವಾ, ಬಿಚ್ಚಿ ಸೀದಾ ಕ್ಯಾಬಿನೆಟ್ ಒಳಗೆ ಕೂರಿಸಿಬಿಡೋಣ ಅಂದುಕೊಂಡೆ. ಡಬ್ಬಿ ಬಿಚ್ಚಲು ಅರ್ಧ ಗಂಟೆ ಹಿಡಿಯಿತು, ಪ್ಲಾಸ್ಟಿಕ್ ಕೊಕ್ಕೆ ಎರಡು ಮುರಿದವು, ಅದು ಬಿಡಿ.

ಕಂಪ್ಯೂಟರಿನಲ್ಲಿ ಈಗ 500 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದಿದೆ, ವಿಂಡೋಸ್ ಅದರಲ್ಲೇ ಇದೆ. ಮದರ್‌ಬೋರ್ಡ್ ಜೊತೆ ಬಂದಿದ್ದ ಡೇಟಾ ವೈರು ಹಾಗೇ ಉಳಿದಿತ್ತು. ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗೆ ಕರೆಂಟು ಕೊಡುವ ಪೆಟ್ಟಿಗೆ) ಬರುವ ಪವರ್ ವೈರಿನಲ್ಲೂ ಒಂದು ತಲೆ ಖಾಲಿ ಇತ್ತು. ಎರಡೂ ಚುಚ್ಚಿ ಆನ್ ಮಾಡಿದೆ. ಡಿಸ್ಕ್‌ನಲ್ಲಿ ಜೀವವೇ ಇಲ್ಲ. ಸದ್ದಿಲ್ಲ, ನಡುಕವಿಲ್ಲ, ವಿಂಡೋಸ್‌ಗೂ ಮೊದಲು ಬರುವ ಬಯೋಸ್ ಪರದೆಯಲ್ಲಿ ಹೆಸರೂ ಇಲ್ಲ. ವಾಪಸ್ ಡಬ್ಬಿಯ ಬೋರ್ಡಿಗೆ ಸಿಕ್ಕಿಸಿದರೆ ಮಾತ್ರ ಗಿರ್ರ್ ಅಂತ ತಿರುಗುತ್ತದೆ!

ಮಕ್ಕಳು ಹುಟ್ಟಿದಾಗಿನಿಂದ ತೆಗೆದ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇವೆ. ದಯವಿಟ್ಟು ಯಾರಾದರೂ ಹೇಳಿ.

ಸ್ಕ್ರೂಡ್ರೈವರ್ · 11:41

ಮೊದಲು ಸುಲಭದ್ದನ್ನು ಮುಗಿಸೋಣ. ಡೇಟಾ ವೈರು ಕಿತ್ತು ಬರೀ ಪವರ್ ಕೊಟ್ಟು ನೋಡಿ. ಡಿಸ್ಕ್ ತಿರುಗಲು ಡೇಟಾ ವೈರು ಬೇಕಿಲ್ಲ, ಕರೆಂಟು ಸಿಕ್ಕರೆ ಸಾಕು. ಆಮೇಲೆ ಅದೇ ಪವರ್ ತಲೆಯನ್ನು ನಿಮ್ಮ ಎಸ್‌ಎಸ್‌ಡಿಗೆ ಚುಚ್ಚಿ. ಎಸ್‌ಎಸ್‌ಡಿ ಎದ್ದರೆ ವೈರು ಸರಿ ಇದೆ ಅಂತ.

ಮುಟ್ಟುವ ಮೊದಲು ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಚೂರುಪಾರು ಕರೆಂಟು ಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಹಚ್ಚದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಆಮೇಲೆ ಡಿಸ್ಕ್ ಎತ್ತಿಕೊಳ್ಳಿ.

ಅರ್ಧರಾತ್ರಿ · 12:05

ಸ್ಕ್ರೂಡ್ರೈವರ್ ಅಣ್ಣ, ಆ ಎಸ್‌ಎಸ್‌ಡಿ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ. ಸಾಟಾ ಎಸ್‌ಎಸ್‌ಡಿ 5 ವೋಲ್ಟ್‌ನಲ್ಲೇ ಓಡುತ್ತದೆ. ದೊಡ್ಡ ಡಿಸ್ಕ್‌ನ ಮೋಟಾರಿಗೆ 12 ವೋಲ್ಟ್ ಬೇಕು. 12 ವೋಲ್ಟ್ ತಂತಿ ಕಡಿದಿದ್ದರೂ ಎಸ್‌ಎಸ್‌ಡಿ ಆರಾಮಾಗಿ ಎದ್ದು ಕೂರುತ್ತದೆ.

ಆದರೆ ಇಲ್ಲಿ ತೊಂದರೆ ಬೇರೆಯೇ ಇರಬಹುದು. ಗುಬ್ಬಿಗೂಡು ಅವರೇ, ಎಸ್‌ಎಂಪಿಎಸ್‌ನಿಂದ ಬರುವ ಸಾಟಾ ಪವರ್ ವೈರಿನಲ್ಲಿ ಕಿತ್ತಳೆ ಬಣ್ಣದ ತಂತಿ ಇದೆಯಾ ನೋಡಿ. ಎಲ್ಲ ತಂತಿಯೂ ಕಪ್ಪಾಗಿದ್ದರೆ ಎಣಿಸಿ. ನಾಲ್ಕಾ, ಐದಾ?

ಗುಬ್ಬಿಗೂಡು · 12:32

ಬರೀ ಪವರ್ ಕೊಟ್ಟರೂ ತಿರುಗಲಿಲ್ಲ. ಅದೇ ತಲೆಗೆ ಎಸ್‌ಎಸ್‌ಡಿ ಚುಚ್ಚಿದರೆ ವಿಂಡೋಸ್ ಬಂತು. ತಂತಿ ಐದು. ಹಳದಿ, ಕೆಂಪು, ಎರಡು ಕಪ್ಪು, ಮತ್ತೆ ನೀವು ಹೇಳಿದ ಕಿತ್ತಳೆ.

ಅರ್ಧರಾತ್ರಿ · 12:50

ಹಾಗಾದರೆ ಡಿಸ್ಕ್ ಹೋಗಿಲ್ಲ, ಗಾಬರಿಯಾಗಬೇಡಿ. ಕಳ್ಳ ಆ ಕಿತ್ತಳೆ ತಂತಿ.

ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್‌ಗಳಿವೆ. ಮೊದಲ ಮೂರು 3.3 ವೋಲ್ಟ್‌ಗೆ ಅಂತ ಮೀಸಲಾಗಿದ್ದವು. ಅದನ್ನು ಬಳಸುವ ಡಿಸ್ಕ್‌ಗಳೇ ಕಮ್ಮಿ, ಸುಮ್ನೆ ಇದ್ದವು. 2016ರಲ್ಲಿ ಬಂದ ಸಾಟಾ 3.3 ನಿಯಮದಲ್ಲಿ ಮೂರನೇ ಪಿನ್‌ಗೆ ಹೊಸ ಕೆಲಸ ಕೊಟ್ಟರು. ಆ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಿರಬೇಕು. ಸಾವಿರಾರು ಡಿಸ್ಕ್ ಇರುವ ಡೇಟಾ ಸೆಂಟರ್‌ಗಳಲ್ಲಿ, ಹ್ಯಾಂಗ್ ಆದ ಡಿಸ್ಕನ್ನು ದೂರದಿಂದಲೇ ಆಫ್ ಮಾಡಿ ಆನ್ ಮಾಡಲು ಅನುಕೂಲ ಆಗಲಿ ಅಂತ. ದೊಡ್ಡ ಎಕ್ಸ್‌ಟರ್ನಲ್ ಡಬ್ಬಿಗಳಲ್ಲಿ ಇಂಥ ಡಿಸ್ಕ್ ಬರುವುದುಂಟು. ನಿಮ್ಮ ಎಸ್‌ಎಂಪಿಎಸ್ ಹಳೇ ನಿಯಮದ್ದು, ಮೂರೂ ಪಿನ್‌ಗೆ 3.3 ಕೊಡುತ್ತಿದೆ. ಅದು ‘ತಗೋ ಕರೆಂಟು’ ಅನ್ನುತ್ತಿದೆ, ಡಿಸ್ಕ್‌ಗೆ ‘ಮಲಗು’ ಅಂತ ಕೇಳಿಸುತ್ತಿದೆ. ಡಬ್ಬಿಯ ಬೋರ್ಡು ಆ ಪಿನ್‌ಗೆ ಏನೂ ಕೊಡುವುದಿಲ್ಲ, ಅದಕ್ಕೇ ಅಲ್ಲಿ ತಿರುಗುತ್ತದೆ.

ಪರಿಹಾರ ಒಂದು ಚೂರು ಟೇಪು. ಶಾಖ ತಡೆಯುವ ಹಳದಿ ಬಣ್ಣದ ತೆಳು ಕ್ಯಾಪ್ಟಾನ್ ಟೇಪ್ ಬರುತ್ತದಲ್ಲ, ಅದನ್ನು ಸಣ್ಣಗೆ ಕತ್ತರಿಸಿ ಡಿಸ್ಕ್‌ನ ಪವರ್ ಕಿಂಡಿಯ ಮೊದಲ ಮೂರು ಪಿನ್ ಮುಚ್ಚಿ. ಡೇಟಾ ಕಿಂಡಿಯ ಕಡೆಯಿಂದ ಎಣಿಸಬೇಕು, ತಪ್ಪಬೇಡಿ. ಮೂರನೆಯದೊಂದನ್ನೇ ಮುಚ್ಚಿದರೂ ಸಾಕು, ಆದರೆ ಒಂದು ಪಿನ್ ಅಗಲಕ್ಕೆ ಟೇಪ್ ಕತ್ತರಿಸುವುದು ಅಕ್ಕಿ ಕಾಳಿನ ಮೇಲೆ ಹೆಸರು ಬರೆದ ಹಾಗೆ. ಮೂರನ್ನೂ ಮುಚ್ಚಿದರೆ ನಷ್ಟ ಏನೂ ಇಲ್ಲ. ಮಾಮೂಲಿ ಇನ್ಸುಲೇಷನ್ ಟೇಪ್ ಬೇಡ. ಅದು ದಪ್ಪ, ಬಿಸಿಗೆ ಅಂಟು ಕರಗಿ ಜಾರುತ್ತದೆ.

ಹಳೇಕೀಲಿಮಣೆ · 1:14

ಟೇಪೂ ಬೇಡ ಏನೂ ಬೇಡ. ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಮೋಲೆಕ್ಸ್ ತಲೆಗೆ ಒಂದು ಸಾಟಾ ಕನ್ವರ್ಟರ್ ವೈರು ಹಾಕಿ. ಮೋಲೆಕ್ಸ್‌ನಲ್ಲಿ 12 ಮತ್ತು 5 ವೋಲ್ಟ್ ಮಾತ್ರ ಇರುತ್ತದೆ, 3.3ರ ಗೊಡವೆಯೇ ಇಲ್ಲ. ಕಥೆ ಮುಗಿಯಿತು.

ನಾವೆಲ್ಲ ಸಾಟಾಗೂ ಹಿಂದಿನ ಐಡಿಇ ಕಾಲದಲ್ಲಿ ಪಟ್ಟಿ ಕೇಬಲ್ ಮಡಚಿ, ಡಿಸ್ಕ್ ಹಿಂದಿನ ಜಂಪರನ್ನು ಚಿಮಟದಲ್ಲಿ ಕಿತ್ತು ಮಾಸ್ಟರ್, ಸ್ಲೇವ್ ಅಂತ ಹೊಂದಿಸುತ್ತಿದ್ದವರು. ಎರಡೂ ಡಿಸ್ಕ್ ಮಾಸ್ಟರ್ ಆದರೆ ಎರಡೂ ಕಾಣಿಸುತ್ತಿರಲಿಲ್ಲ. ಈಗಿನವರಿಗೆ ಒಂದು ಪಿನ್ ಕಾಟ ಕೊಟ್ಟರೆ ಇಷ್ಟು ದೊಡ್ಡ ಚರ್ಚೆ.

ಇನ್ನೊಂದು ಮಾತು, ಬೇಜಾರಾದರೂ ಸರಿ. ಮಕ್ಕಳ ಫೋಟೋ ಒಂದೇ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಅದನ್ನೇ ಬಿಚ್ಚಿ ಪ್ರಯೋಗ ಮಾಡುವುದೇನ್ರೀ?

ಸ್ಕ್ರೂಡ್ರೈವರ್ · 1:30

ಬೈದಿದ್ದು ಸರಿ ಸರ್, ಆದರೆ ಕನ್ವರ್ಟರ್ ವಿಷಯದಲ್ಲಿ ಹುಷಾರು. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಸಾಟಾ ತಲೆಯ ಪ್ಲಾಸ್ಟಿಕ್ಕನ್ನು ತಂತಿಗಳ ಮೇಲೆ ಕರಗಿಸಿ ಎರಕ ಹೊಯ್ದಿರುತ್ತಾರೆ. ಇನ್ನೊಂದರಲ್ಲಿ ಒಂದೊಂದು ತಂತಿಯನ್ನೂ ಲೋಹದ ಹಲ್ಲಿಗೆ ಕಚ್ಚಿಸಿ, ಹಿಂದಿನಿಂದ ಮುಚ್ಚಳ ಹಾಕಿರುತ್ತಾರೆ. ಎರಕದ್ದು ನೋಡಲು ಗಟ್ಟಿ, ಆದರೆ ಒಳಗೆ 12 ವೋಲ್ಟ್ ತಂತಿ, ಗ್ರೌಂಡ್ ತಂತಿ ಎಷ್ಟು ಹತ್ತಿರ ಕೂತಿವೆ ಅಂತ ಹೊರಗಿನಿಂದ ಕಾಣಿಸುವುದಿಲ್ಲ. ಒಂದಕ್ಕೊಂದು ತಾಗಿದರೆ ಪ್ಲಾಸ್ಟಿಕ್ ಸುಟ್ಟು ಹೊಗೆ ಬರುತ್ತದೆ. ಇಂಥ ಸುಟ್ಟ ತಲೆಯೊಂದು ನನ್ನ ಡ್ರಾಯರಿನಲ್ಲೇ ಇದೆ, ಡಿಸ್ಕ್‌ನ ಕಿಂಡಿಯ ಪ್ಲಾಸ್ಟಿಕ್ಕಿನ ಸಮೇತ ಅಂಟಿಕೊಂಡಿದೆ. ಹಾಕುವುದೇ ಆದರೆ ಹಲ್ಲು ಕಚ್ಚಿಸಿದ ಜಾತಿ ಹಾಕಿ.

ನನ್ನ ಓಟು ಟೇಪಿಗೆ.

ಬೆಳದಿಂಗಳು · 1:52

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬಿಚ್ಚಿ ಜೋಡಿಸುವ ಮಾಡ್ಯುಲರ್ ಎಸ್‌ಎಂಪಿಎಸ್. ಮೋಲೆಕ್ಸ್ ವೈರು ಎಲ್ಲೋ ಕಳೆದಿದೆ. ಹಳೇ ಎಸ್‌ಎಂಪಿಎಸ್‌ನ ವೈರು ಇದೆ, ತಲೆ ಸರಿಯಾಗಿ ಕೂರುತ್ತದೆ. ಹಾಕಬಹುದಾ?

ಅರ್ಧರಾತ್ರಿ · 1:55

ಬೇಡ! ಹಾಕಬೇಡಿ. ಕೂತರೂ ಹಾಕಬೇಡಿ.

ಡಿಸ್ಕ್ ಕಡೆಯ ತಲೆಗೆ ಎಲ್ಲ ಕಡೆ ಒಂದೇ ನಿಯಮ. ಎಸ್‌ಎಂಪಿಎಸ್ ಕಡೆಯ ತಲೆಗೆ ಯಾವ ನಿಯಮವೂ ಇಲ್ಲ. ಒಬ್ಬರು 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು 5 ಇಟ್ಟಿರುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ಬೇರೆ ಬೇರೆ ಇರುವುದುಂಟು. ಆಕಾರ ಮಾತ್ರ ಒಂದೇ, ಅದೇ ಅಪಾಯ.

ಇದು ಪುಸ್ತಕದ ಜ್ಞಾನ ಅಲ್ಲ, ನಾನೇ ಅನುಭವಿಸಿದ್ದು. ಎಸ್‌ಎಂಪಿಎಸ್ ಬದಲಾಯಿಸಿದಾಗ ಹಳೇ ವೈರು ಕ್ಯಾಬಿನೆಟ್ ಹಿಂದೆ ನೀಟಾಗಿ ಟೈ ಹಾಕಿ ಕೂತಿತ್ತು. ಮತ್ತೆ ಯಾರು ಬಿಚ್ಚುತ್ತಾರೆ ಅಂತ ಅದನ್ನೇ ಹೊಸದಕ್ಕೆ ಚುಚ್ಚಿದೆ. ಬಟನ್ ಒತ್ತಿದೆ. ಟಿಕ್ ಅಂತ ಒಂದೇ ಸದ್ದು. ಆಮೇಲೆ ಮೂಗಿಗೆ ಬಂತು ವಾಸನೆ. ಒಂದೇ ವೈರಿನಲ್ಲಿದ್ದ ಎರಡು ಡಿಸ್ಕೂ ಹೋದವು. ಒಂದರ ಅದೃಷ್ಟ ಚೆನ್ನಾಗಿತ್ತು. ಡಿಸ್ಕ್‌ನ ಹಸಿರು ಬೋರ್ಡಿನಲ್ಲಿ ಪವರ್ ಕಿಂಡಿಯ ಹಿಂದೆ ಸಣ್ಣ ಕಪ್ಪು ಡಯೋಡ್ ಇರುತ್ತದೆ. ಜಾಸ್ತಿ ವೋಲ್ಟೇಜ್ ಬಂದರೆ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ರಿಪೇರಿ ಗೊತ್ತಿರುವ ಗೆಳೆಯ ಅದನ್ನು ತೆಗೆದ ಮೇಲೆ ಡಿಸ್ಕ್ ಎದ್ದಿತು, ಡೇಟಾ ಈಚೆಗೆ ಬಂತು. ಇನ್ನೊಂದು ಏಳಲೇ ಇಲ್ಲ.

ಬೆಳದಿಂಗಳು · 2:01

ಅಯ್ಯೋ. ವೈರು ಈಗಷ್ಟೇ ಕಸದ ಬುಟ್ಟಿಗೆ ಹೋಯಿತು.

ಗುಬ್ಬಿಗೂಡು · ಶನಿವಾರ ಸಂಜೆ 6:40

ತಿರುಗಿತು!!! ಅರ್ಧರಾತ್ರಿ ಅವರೇ, ನಿಮಗೆ ದೊಡ್ಡ ನಮಸ್ಕಾರ. ಟೇಪ್ ಮೂರು ಸಲ ಕತ್ತರಿಸಿದೆ. ಮೊದಲನೆಯದು ಕನೆಕ್ಟರ್ ತಳ್ಳುವಾಗ ಮುದುರಿತು. ಎರಡನೆಯದು ಅಂಗಿಯ ತೋಳಿಗೆ ಅಂಟಿತು. ಕೊನೆಗೆ ಹೆಂಡತಿಯ ಹುಬ್ಬಿನ ಚಿಮಟ ಕೆಲಸಕ್ಕೆ ಬಂತು.

ಸ್ಕ್ರೂ ಹಾಕುವಾಗ ಇನ್ನೊಂದು ತಮಾಷೆ. ಕ್ಯಾಬಿನೆಟ್‌ನ ಟ್ರೇಗೂ ಡಿಸ್ಕ್‌ನ ಪಕ್ಕದ ತೂತುಗಳಿಗೂ ತಾಳೆಯೇ ಆಗುವುದಿಲ್ಲ. ಈ ಡಿಸ್ಕ್‌ಗೆ ನಡುವಿನ ತೂತೇ ಇಲ್ಲ! ಸದ್ಯಕ್ಕೆ ಎರಡೇ ಸ್ಕ್ರೂ ಹಾಕಿದ್ದೇನೆ.

ಆದರೆ ಈಗ ಬೇರೆ ಚಿಂತೆ. ವಿಂಡೋಸ್ ಬಂದ ತಕ್ಷಣ ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಅಂತ ಕೇಳಿತು. ಬೇಡ ಅಂದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದರೆ ಮೊದಲ ತುಂಡು 931.50 ಜಿಬಿ, ‘ರಾ’ ಅಂತ ಇದೆ. ಪಕ್ಕದಲ್ಲಿ ಎರಡು ಕಪ್ಪು ಪಟ್ಟಿ, ಒಂದು 1116.50, ಇನ್ನೊಂದು 5404.04. ಎರಡರಲ್ಲೂ ‘ಅನ್‌ಅಲೊಕೇಟೆಡ್’, ಅಂದರೆ ಹಂಚದ ಖಾಲಿ ಜಾಗ.

8 ಟಿಬಿ ಹೋಗಿ 1 ಟಿಬಿ ಆಯ್ತಾ? ಫೋಟೋ ಎಲ್ಲ ಹೋದವಾ? ಕೈ ನಡುಗುತ್ತಿದೆ.

ಬೆಳದಿಂಗಳು · 6:52

931 ಅಂದರೆ 1 ಟಿಬಿಯೇ. ಕಂಪನಿಯವರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ. ಪಾರ್ಟಿಷನ್ (ಡಿಸ್ಕ್‌ನಲ್ಲಿ ಗಡಿ ಹಾಕಿದ ತುಂಡು) ಕೆಟ್ಟಿದೆ ಅನಿಸುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೊಟ್ಟು ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿ, ಬಹಳ ಜನ ಹಾಗೇ ಮಾಡುತ್ತಾರೆ.

ಸ್ಕ್ರೂಡ್ರೈವರ್ · 6:54

ಬೇಡ ಬೇಡ. ಬೆಳದಿಂಗಳು ಅವರೇ, ಸಹಾಯ ಮಾಡುವ ಮನಸ್ಸು ಸರಿ, ಸಲಹೆ ಸರಿಯಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೂ ಡಿಸ್ಕ್ ಮೇಲೆ ಬರೆಯುವುದೇ. ಫೋಟೋ ಎಲ್ಲಿದೆ ಅಂತ ಹೇಳುವ ಪಟ್ಟಿಯ ಮೇಲೇ ಹೊಸ ಪಟ್ಟಿ ಬರೆಯಬಹುದು. ಡೇಟಾ ಬೇಕು ಅನ್ನುವಾಗ ಆ ಡಿಸ್ಕ್‌ಗೆ ಒಂದಕ್ಷರವೂ ಬರೆಯಬಾರದು. ಇನಿಷಿಯಲೈಸ್ ಬೇಡ, ಫಾರ್ಮ್ಯಾಟ್ ಬೇಡ, ಚೆಕ್‌ಡಿಸ್ಕ್ ಕೂಡ ಬೇಡ.

ಗುಬ್ಬಿಗೂಡು ಅವರೇ, ಕಂಪ್ಯೂಟರ್ ಆಫ್ ಮಾಡಿ. ಚಹಾ ಕುಡಿಯಿರಿ.

ಮಗ್ಗಿಮೇಷ್ಟ್ರು · ಶನಿವಾರ ರಾತ್ರಿ 8:10

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಬಾಯಿ ತೆರೆಯಬೇಕಾಯಿತು. ಗುಬ್ಬಿಗೂಡು ಅವರೇ, ನಿಮ್ಮ ಮೂರು ಸಂಖ್ಯೆಗಳೇ ಎಲ್ಲ ಹೇಳುತ್ತಿವೆ. ಫೋಟೋ ಹಾಗೇ ಇವೆ ಅಂತ ನನಗೆ ತೊಂಬತ್ತೊಂಬತ್ತು ಪಾಲು ನಂಬಿಕೆ.

ಮೂರನ್ನೂ ಕೂಡಿ. 931.50 + 1116.50 + 5404.04 = 7452.04. ವಿಂಡೋಸ್ ಲೆಕ್ಕದಲ್ಲಿ 8 ಟಿಬಿ ಅಂದರೆ ಇಷ್ಟೇ. ಅಂದರೆ ಡಿಸ್ಕ್ ಕುಗ್ಗಿಲ್ಲ. ಈಗ 931.5ನ್ನು ಎಂಟರಿಂದ ಗುಣಿಸಿ. 7452! ನಿಮ್ಮ ಪಾರ್ಟಿಷನ್ ಸರಿಯಾಗಿ ಎಂಟನೇ ಒಂದು ಪಾಲು ಕಾಣಿಸುತ್ತಿದೆ. ಕೆಟ್ಟ ಡಿಸ್ಕ್ ಇಷ್ಟು ಚೆನ್ನಾಗಿ ಮಗ್ಗಿ ಹೇಳುವುದಿಲ್ಲ.

ಎಂಟು ಎಲ್ಲಿಂದ ಬಂತು? ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್ ಅನ್ನುವ ಮನೆಗಳಾಗಿ ಎಣಿಸುತ್ತದೆ. ಸಾಟಾದಲ್ಲಿ ಸೀದಾ ಹಾಕಿದಾಗ ನಿಮ್ಮ ಡಿಸ್ಕ್ ಒಂದು ಮನೆಗೆ 512 ಬೈಟ್ ಅಂತ ಹೇಳುತ್ತದೆ. ಕೆಲವು ಯುಎಸ್‌ಬಿ ಡಬ್ಬಿಗಳ ಬೋರ್ಡು ನಡುವೆ ಕೂತು, ಎಂಟೆಂಟು ಮನೆ ಸೇರಿಸಿ, ಒಂದು ಮನೆಗೆ 4096 ಬೈಟ್ ಅಂತ ಕಂಪ್ಯೂಟರಿಗೆ ಹೇಳುತ್ತದೆ. ನೀವು ಡಬ್ಬಿಯಲ್ಲಿದ್ದಾಗ ಪಾರ್ಟಿಷನ್ ಮಾಡಿದಿರಿ. ಪಟ್ಟಿಯಲ್ಲಿ ‘ಇಂತಿಷ್ಟನೇ ಮನೆಯಿಂದ ಶುರು, ಇಷ್ಟು ಮನೆ ಉದ್ದ’ ಅಂತ ಬರೆದಿದೆ. ಸಂಖ್ಯೆ ಅದೇ, ಈಗ ಮನೆ ಮಾತ್ರ ಎಂಟು ಪಟ್ಟು ಚಿಕ್ಕದು. ಹಾಗಾಗಿ ಉದ್ದವೂ ಎಂಟನೇ ಒಂದು ಪಾಲು. ಶುರುವಾಗುವ ಜಾಗವೂ ತಪ್ಪು, ಅಲ್ಲಿ ಫೈಲ್ ಸಿಸ್ಟಂ ಸಿಗದೆ ವಿಂಡೋಸ್ ‘ರಾ’ ಅನ್ನುತ್ತಿದೆ. ಹೊಲ ಅಲ್ಲೇ ಇದೆ, ಅಳೆಯುವ ಕೋಲು ಬದಲಾಗಿದೆ.

ಇನ್ನೊಂದು. 931.5 + 1116.5 = 2048. ಕಪ್ಪು ಪಟ್ಟಿ ಸರಿಯಾಗಿ 2048ಕ್ಕೆ ತುಂಡಾಗಿದೆ ನೋಡಿ. ಅಂದರೆ ಇದು ಎಂಬಿಆರ್ ಡಿಸ್ಕ್, ಪಾರ್ಟಿಷನ್ ಪಟ್ಟಿ ಬರೆಯುವ ಹಳೇ ಪದ್ಧತಿಯದು. ಎಂಬಿಆರ್‌ಗೆ ಸುಮಾರು 429 ಕೋಟಿ ಮನೆ ಎಣಿಸುವಷ್ಟೇ ಶಕ್ತಿ. 512 ಬೈಟಿನ ಮನೆಯಾದರೆ ಅಲ್ಲಿಗೆ ಮುಗಿಯಿತು. 4096 ಆದರೆ ಅದರ ಎಂಟರಷ್ಟು, ಹಾಗಾಗಿ ಡಬ್ಬಿಯಲ್ಲಿ ಪೂರ್ತಿ 8 ಟಿಬಿ ಒಂದೇ ಪಾರ್ಟಿಷನ್ ಆಗಿತ್ತು. ಇಷ್ಟು ದೊಡ್ಡ ಡಿಸ್ಕ್‌ಗೆ ಹೊಸ ಪದ್ಧತಿಯಾದ ಜಿಪಿಟಿ ಬಿಟ್ಟು ಎಂಬಿಆರ್ ಯಾಕೆ ಮಾಡಿದಿರಿ?

ಗುಬ್ಬಿಗೂಡು · 8:31

ಮೇಷ್ಟ್ರೇ, ಓದುತ್ತಾ ಓದುತ್ತಾ ಕಣ್ಣಲ್ಲಿ ನೀರು ಬಂತು. ಎಂಬಿಆರ್ ನಾನೇ ಮಾಡಿದ್ದು. ನಮ್ಮ ಟಿವಿ ಜಿಪಿಟಿ ಡಿಸ್ಕ್ ಓದುತ್ತಿರಲಿಲ್ಲ, ಅದಕ್ಕೆ.

ಆದರೆ ಕೆಲವು ಡಬ್ಬಿಗಳು ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತವೆ (ಬೇರೆಯವರು ಓದಲಾಗದಂತೆ ಗುಟ್ಟಾಗಿ ಕಲಸಿಡುತ್ತವೆ) ಅಂತ ಎಲ್ಲೋ ಓದಿದ್ದೆ. ನನ್ನದೂ ಹಾಗೇ ಇದ್ದರೆ?

ಮಗ್ಗಿಮೇಷ್ಟ್ರು · 8:40

ಒಳ್ಳೇ ಪ್ರಶ್ನೆ. ಪಾಸ್‌ವರ್ಡ್ ಇಡದಿದ್ದರೂ ಒಳಗೊಳಗೇ ಎನ್‌ಕ್ರಿಪ್ಟ್ ಮಾಡುವ ಡಬ್ಬಿಗಳು ಇರುವುದು ನಿಜ. ಅಂಥದ್ದಾಗಿದ್ದರೆ ಮೊದಲ ಸೆಕ್ಟರೂ ಕಲಸುಮೇಲೋಗರ ಆಗಿರುತ್ತಿತ್ತು. ಆಗ ವಿಂಡೋಸ್‌ಗೆ ಪಾರ್ಟಿಷನ್ ಪಟ್ಟಿಯೇ ಸಿಗದೆ ‘ಇನಿಷಿಯಲೈಸ್ ಮಾಡಿ’ ಅನ್ನುತ್ತಿತ್ತು. ನಿಮಗೆ ಪಟ್ಟಿ ಓದಲು ಸಿಕ್ಕಿದೆ, ಲೆಕ್ಕ ಮಾತ್ರ ತಪ್ಪಿದೆ. ನಿಶ್ಚಿಂತೆಯಿಂದ ಮಲಗಿ.

ಹಳೇಕೀಲಿಮಣೆ · 9:05

ಮೇಷ್ಟ್ರಿಗೆ ನಮಸ್ಕಾರ. ಇದು ನನಗೂ ಹೊಸದು.

ಗುಬ್ಬಿಗೂಡು, ಹಾಗಾದರೆ ಸುಲಭದ ದಾರಿ ಅಂದರೆ ಡಿಸ್ಕನ್ನು ವಾಪಸ್ ಅದೇ ಡಬ್ಬಿಗೆ ಸಿಕ್ಕಿಸಿ, ಫೋಟೋವನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೆ ಇದನ್ನು ಒಳಗೆ ಹಾಕಿ ಹೊಸದಾಗಿ ಪಾರ್ಟಿಷನ್ ಮಾಡುವುದು. ಕಾಪಿ ಇಡಲು ಇನ್ನೊಂದು ಡಿಸ್ಕ್ ಹೇಗೂ ಬೇಕು. ಮಧ್ಯಾಹ್ನ ಬೈದಿದ್ದು ಅದಕ್ಕೇ.

ಗುಬ್ಬಿಗೂಡು · ಭಾನುವಾರ ಮಧ್ಯಾಹ್ನ 3:15

4 ಟಿಬಿಯ ಹೊಸ ಡಿಸ್ಕ್ ತಂದೆ. ನನ್ನ ಡೇಟಾ ಒಟ್ಟು 1.6 ಟಿಬಿ ಅಷ್ಟೇ. 8 ಟಿಬಿಯದನ್ನು ಡಬ್ಬಿಗೆ ಹಾಕಿ ಯುಎಸ್‌ಬಿ ಚುಚ್ಚಿದರೆ ಎಲ್ಲ ಫೋಲ್ಡರೂ ಕಂಡವು! ಆದರೆ ಕಿಂಡಿ ಸಡಿಲ ಅಂದೆನಲ್ಲ. ವೈರಿನ ಕೆಳಗೆ ರಬ್ಬರ್ ಇಟ್ಟೆ, ಪುಸ್ತಕ ಇಟ್ಟೆ, ಕೈಯಲ್ಲೇ ಹಿಡಿದು ಕೂತೆ. ಹತ್ತು ನಿಮಿಷಕ್ಕೊಮ್ಮೆ ಟುಂಡುಂ ಅಂತ ಸದ್ದು ಮಾಡಿ ಬಿಟ್ಟುಹೋಗುತ್ತದೆ. ಹೀಗೆ ಪದೇ ಪದೇ ಕಡಿದು ಹೋದರೆ ಫೈಲ್ ಸಿಸ್ಟಮ್ಮೇ ಕೆಡಬಹುದು ಅಂತ ಭಯವಾಗಿ ನಿಲ್ಲಿಸಿದೆ.

ಪೆಂಗ್ವಿನ್‌ಪ್ರಿಯ · 3:48

ನಿಲ್ಲಿಸಿದ್ದು ಒಳ್ಳೆಯದಾಯಿತು. ಡಬ್ಬಿಯೇ ಬೇಕು ಅಂತೇನಿಲ್ಲ. ಆ ಬೋರ್ಡು ಮಾಡುತ್ತಿದ್ದ ಕೆಲಸವನ್ನು ಲಿನಕ್ಸ್‌ನಲ್ಲಿ ಮಾಡಿಸಬಹುದು.

ಡಿಸ್ಕ್ ಕ್ಯಾಬಿನೆಟ್ ಒಳಗೇ ಇರಲಿ, ಸಾಟಾದಲ್ಲಿ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಬೂಟ್ ಮಾಡಿ, ಇನ್‌ಸ್ಟಾಲ್ ಬೇಡ. ಲಿನಕ್ಸ್‌ನಲ್ಲಿ ಲೂಪ್ ಡಿವೈಸ್ ಅಂತ ಒಂದಿದೆ. ಯಾವುದೇ ಫೈಲನ್ನು ಅಥವಾ ಡಿಸ್ಕನ್ನು ತೋರಿಸಿ ‘ಇದನ್ನು ಇನ್ನೊಂದು ಡಿಸ್ಕ್ ಅಂದುಕೋ’ ಅನ್ನಬಹುದು. ಹಾಗೆ ಹೇಳುವಾಗಲೇ ಸೆಕ್ಟರ್ ಅಳತೆ 4096 ಅಂತ ಕೊಡಿ, ಪಾರ್ಟಿಷನ್ ಹುಡುಕು ಅನ್ನಿ, ಮತ್ತೆ ಮುಖ್ಯವಾಗಿ ರೀಡ್ ಓನ್ಲಿ ಅನ್ನಿ. ಲೋಸೆಟಪ್ ಅನ್ನುವ ಒಂದೇ ಆಜ್ಞೆಯಲ್ಲಿ ಮೂರೂ ಆಗುತ್ತದೆ. ಆಗ ಮೇಷ್ಟ್ರು ಹೇಳಿದ ಹಳೇ ಅಳತೆ ಕೋಲು ವಾಪಸ್ ಬರುತ್ತದೆ. ರೀಡ್ ಓನ್ಲಿ ಇರುವುದರಿಂದ ತಪ್ಪು ಮಾಡಿದರೂ ಆ ಡಿಸ್ಕ್‌ಗೆ ಏನೂ ಆಗುವುದಿಲ್ಲ.

ಆದರೆ ಮೊದಲು ಹೊಸ 4 ಟಿಬಿಯನ್ನು ವಿಂಡೋಸ್‌ನಲ್ಲಿ ತಯಾರು ಮಾಡಿಕೊಳ್ಳಿ. ಆಗ 8 ಟಿಬಿಯ ವೈರು ಕಿತ್ತಿಡಿ. ಇದನ್ನು ಎರಡು ಸಲ ಓದಿ. ಡಿಸ್ಕ್ 1, ಡಿಸ್ಕ್ 2 ಅನ್ನುವ ಸಂಖ್ಯೆಗಳು ವೈರು ಬದಲಾದರೆ ಬದಲಾಗುತ್ತವೆ. ಕಿತ್ತಿಟ್ಟ ಡಿಸ್ಕನ್ನು ಯಾರೂ ತಪ್ಪಿ ಫಾರ್ಮ್ಯಾಟ್ ಮಾಡಲಾರರು.

ಹಸಿರುದೀಪ · 4:02

ನಾನೂ ಹೊಸ ಡಿಸ್ಕ್ ಹಾಕಿದ್ದೇನೆ, ಬಯೋಸ್‌ನಲ್ಲಿ ಹೆಸರು ಬರುತ್ತದೆ, ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ. ಡಿಸ್ಕ್ ಕೆಟ್ಟದ್ದು ಕೊಟ್ಟರಾ? ಪ್ರತ್ಯೇಕ ಎಳೆ ಶುರು ಮಾಡಬೇಕಿತ್ತೇನೋ, ಬೈಬೇಡಿ.

ಸ್ಕ್ರೂಡ್ರೈವರ್ · 4:20

ಯಾರೂ ಬೈಯುವುದಿಲ್ಲ, ಗುಬ್ಬಿಗೂಡು ಅವರಿಗೂ ಈಗ ಅದೇ ಬೇಕು. ಹೊಸ ಡಿಸ್ಕ್ ಅಂದರೆ ಗೆರೆ ಎಳೆಯದ ಖಾಲಿ ಸೈಟು. ಗಡಿ ಹಾಕಿ ಹೆಸರು ಕೊಡುವ ತನಕ ವಿಂಡೋಸ್ ತೋರಿಸುವುದಿಲ್ಲ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಎಂಬಿಆರ್ ಬೇಕಾ, ಜಿಪಿಟಿ ಬೇಕಾ ಅಂತ ತಾನೇ ಕೇಳುತ್ತದೆ. ಜಿಪಿಟಿ ಅನ್ನಿ. ಕೆಳಗೆ ಕಪ್ಪು ಪಟ್ಟಿ ಕಾಣುತ್ತದೆ, ಅದರ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’, ಎನ್‌ಟಿಎಫ್‌ಎಸ್, ಮುಂದೆ ಮುಂದೆ ಒತ್ತಿ. ಪಟ್ಟಿ ನೀಲಿಯಾದರೆ ಮುಗಿಯಿತು. ಡಿಸ್ಕ್‌ಗೊಂದು ಹೆಸರು ಮಾತ್ರ ಕೊಡಿ, ‘ನ್ಯೂ ವಾಲ್ಯೂಮ್’ ಅಂತ ಬಿಟ್ಟರೆ ಮುಂದೊಂದು ದಿನ ಎರಡು ನ್ಯೂ ವಾಲ್ಯೂಮ್ ನೋಡುತ್ತಾ ತಲೆ ಕೆರೆದುಕೊಳ್ಳುತ್ತೀರಿ.

ಇನ್ನು ಹೊಸ ಡಿಸ್ಕ್ ಬಯೋಸ್‌ನಲ್ಲೇ ಕಾಣದಿದ್ದರೆ ಬೇರೆ ವಿಷಯ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎಂ.2 ಕಿಂಡಿಗೆ (ಬೋರ್ಡಿನ ಮೇಲೇ ಕೂರುವ ಸಣ್ಣ ಎಸ್‌ಎಸ್‌ಡಿಯ ಜಾಗ) ಎಸ್‌ಎಸ್‌ಡಿ ಹಾಕಿದರೆ ಒಂದೋ ಎರಡೋ ಸಾಟಾ ಕಿಂಡಿ ಬಂದ್ ಆಗುತ್ತವೆ, ದಾರಿ ಒಂದೇ ಆದ್ದರಿಂದ. ಯಾವುದು ಬಂದ್ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಬೇರೆ ಕಿಂಡಿಗೆ ಚುಚ್ಚಿದರೆ ಆಯಿತು.

ಹಸಿರುದೀಪ · 4:31

ಬಂತು! ಐದು ನಿಮಿಷದ ಕೆಲಸಕ್ಕೆ ಎರಡು ದಿನ ಕೂತಿದ್ದೆ.

ಗುಬ್ಬಿಗೂಡು · ಭಾನುವಾರ ರಾತ್ರಿ 9:50

ಪೆಂಗ್ವಿನ್‌ಪ್ರಿಯ ಅವರು ಹೇಳಿದ ಹಾಗೇ ಮಾಡಿದೆ. 8 ಟಿಬಿ ಕಿತ್ತಿಟ್ಟೆ, 4 ಟಿಬಿಯನ್ನು ಜಿಪಿಟಿ ಮಾಡಿ ‘ಮನೆಫೋಟೋ’ ಅಂತ ಹೆಸರಿಟ್ಟೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಬೇಗ ಏಳುವ ಏರ್ಪಾಡು) ಬಂದ್ ಮಾಡದೆ ಲಿನಕ್ಸ್‌ಗೆ ಹೋದರೆ ಹೊಸ ಡಿಸ್ಕ್‌ಗೆ ಬರೆಯಲು ಬಿಡುವುದಿಲ್ಲ ಅಂತ ಅವರು ಆಮೇಲೆ ಖಾಸಗಿಯಾಗಿ ತಿಳಿಸಿದ್ದು ಉಪಕಾರವಾಯಿತು. ಅದನ್ನೂ ಬಂದ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ, ಎರಡೂ ಡಿಸ್ಕ್ ಚುಚ್ಚಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ.

ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದಾಗ ಏನೂ ಆಗಲಿಲ್ಲ ಅನಿಸಿತು. ಒಂದು ಅಕ್ಷರವೂ ಬರಲಿಲ್ಲ. ಆಮೇಲೆ ಫೈಲ್ ಮ್ಯಾನೇಜರಿನ ಎಡಗಡೆ ಮೆಲ್ಲಗೆ ಒಂದು ಸಾಲು ಮೂಡಿತು. 8 ಟಿಬಿ ವಾಲ್ಯೂಮ್! ಒತ್ತಿದರೆ ಮಗಳ ಮೊದಲ ಹುಟ್ಟುಹಬ್ಬದ ಫೋಲ್ಡರ್.

ಈಗ ಕಾಪಿ ಆಗುತ್ತಿದೆ. ಇನ್ನೂ ಐದು ಗಂಟೆ ಅಂತ ತೋರಿಸುತ್ತಿದೆ. ದೊಡ್ಡ ವಿಡಿಯೋ ಬಂದಾಗ ಸೆಕೆಂಡಿಗೆ 170 ಎಂಬಿ ಓಡುತ್ತದೆ, ಸಣ್ಣ ಫೋಟೋ ಫೋಲ್ಡರ್ ಬಂದರೆ ಆಮೆ.

ಪೆಂಗ್ವಿನ್‌ಪ್ರಿಯ · 10:04

ಅಷ್ಟೇ ವೇಗ ಅದು, ಸರಿಯಾಗಿದೆ. ವೈರು ಸಾಟಾ 3 (ವೇಗದ ದರ್ಜೆ) ಅಲ್ಲ ಅಂತ ಬದಲಾಯಿಸಲು ಹೋಗಬೇಡಿ, ಹಾರ್ಡ್ ಡಿಸ್ಕ್ ಆ ವೈರಿನ ಪೂರ್ತಿ ವೇಗಕ್ಕೆ ಓಡುವುದೇ ಇಲ್ಲ.

ಕಾಪಿ ಮುಗಿದ ಮೇಲೆ ಬರೀ ಒಟ್ಟು ಅಳತೆ ನೋಡಿ ನಂಬಬೇಡಿ. ಫೈಲುಗಳ ಸಂಖ್ಯೆ ತಾಳೆ ಹಾಕಿ, ಅಲ್ಲಲ್ಲಿ ಹತ್ತಿಪ್ಪತ್ತು ಫೋಟೋ ತೆರೆದು ನೋಡಿ. ಒಂದು ವಾರ 8 ಟಿಬಿಯನ್ನು ಫಾರ್ಮ್ಯಾಟ್ ಮಾಡಬೇಡಿ.

ಗುಬ್ಬಿಗೂಡು · ಮುಂದಿನ ಸೋಮವಾರ ಸಂಜೆ 7:30

ಒಂದು ವಾರ ಕಾದೆ. ಸಂಖ್ಯೆ ತಾಳೆಯಾಯಿತು, ಫೋಟೋಗಳೂ ತೆರೆದವು. ಇವತ್ತು 8 ಟಿಬಿಯನ್ನು ಜಿಪಿಟಿ ಮಾಡಿ ಫಾರ್ಮ್ಯಾಟ್ ಮಾಡಿದೆ, 7452 ಜಿಬಿಯೂ ಒಂದೇ ನೀಲಿ ಪಟ್ಟಿಯಲ್ಲಿ ಬಂತು. ಫೋಟೋಗಳನ್ನು ಅದಕ್ಕೂ ಹಾಕಿದೆ. 4 ಟಿಬಿಯದನ್ನು ಕ್ಯಾಬಿನೆಟ್‌ನಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ, ಹಳೇಕೀಲಿಮಣೆ ಸರ್‌ಗೆ ಸಮಾಧಾನವಾಗಲಿ.

ಹಳೇಕೀಲಿಮಣೆ · 7:44

ಆಯಿತು ಮಾರಾಯ. ತಿಂಗಳಿಗೊಮ್ಮೆ ಅದನ್ನು ಚುಚ್ಚಿ ಹೊಸ ಫೋಟೋ ಸೇರಿಸು. ಎರಡೂ ಡಿಸ್ಕ್ ಒಂದೇ ಕ್ಯಾಬಿನೆಟ್‌ನಲ್ಲಿ ಇದ್ದರೆ, ಎಸ್‌ಎಂಪಿಎಸ್ ಕೈಕೊಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಅರ್ಧರಾತ್ರಿಯನ್ನು ಕೇಳು.

ಗುಬ್ಬಿಗೂಡು · 8:02

ಒಂದೇ ಒಂದು ಉಳಿದಿದೆ. ಡಿಸ್ಕ್ ಓಡುವಾಗ ಕ್ಯಾಬಿನೆಟ್ ಗುಂಯ್ ಅನ್ನುತ್ತದೆ, ರಾತ್ರಿ ಜಾಸ್ತಿ ಕೇಳಿಸುತ್ತದೆ. ಡಿಸ್ಕ್ ಹಾಳಾಗುತ್ತಿದೆಯಾ?

ಸ್ಕ್ರೂಡ್ರೈವರ್ · 8:10

ಎರಡೇ ಸ್ಕ್ರೂ ಹಾಕಿದ್ದೀರಲ್ಲ, ಅದೇ. ದೊಡ್ಡ ಡಿಸ್ಕ್‌ಗಳಲ್ಲಿ ಪಕ್ಕದ ನಡು ತೂತು ಇಲ್ಲದಿರುವುದು ಈಗ ಮಾಮೂಲು. ಟ್ರೇ ತಿರುಗಿಸಿ, ತಳದಲ್ಲಿರುವ ತೂತುಗಳು ಹೊಂದುತ್ತವಾ ನೋಡಿ. ಹೊಂದಿದರೆ ಟ್ರೇಗೂ ಡಿಸ್ಕ್‌ಗೂ ನಡುವೆ ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿ. ಉದ್ದದ ಸ್ಕ್ರೂ ಬೇಡ.

ಗುಬ್ಬಿಗೂಡು · 8:55

ತಳದಿಂದ ನಾಲ್ಕೂ ಕೂತವು. ಆದರೂ ಗುಂಯ್ ನಿಲ್ಲಲಿಲ್ಲ. ಆಮೇಲೆ ನೋಡಿದರೆ ಕ್ಯಾಬಿನೆಟ್‌ನ ಪಕ್ಕದ ತಗಡಿಗೆ ಒಂದು ವಾರದಿಂದ ಸ್ಕ್ರೂವೇ ಹಾಕಿರಲಿಲ್ಲ. ಆ ಎರಡು ಸ್ಕ್ರೂ ಎಲ್ಲಿ ಅಂತ ಈಗ ಮೇಜಿನ ಕೆಳಗೆ ಹುಡುಕುತ್ತಿದ್ದೇನೆ.